ಹಗೇವಿನ ಮೇಲೆ ಕೂತು ಹೇಳಿದ ಸುಳ್ಳು

ನಾನು ಚಿಕ್ಕವನಿದ್ದಾಗ ನಮ್ಮ ಊರಿನವರಿಗೆ ಅನುಮಾನ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬಂದವನ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಕೊಡೆ ಇದ್ದರೆ ಸಾಕು, ಅರ್ಧ ಊರು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿತ್ತು. ಅದು ಯುದ್ಧದ ಕಾಲ, ಮಕ್ಕಳೇ. ಬೆಳೆದ ರಾಗಿಯಲ್ಲಿ ಇಷ್ಟು ಸರ್ಕಾರಕ್ಕೆ ಕೊಡಬೇಕೆಂದು ಲೆವಿ ಇತ್ತು. ಯಾರಾದರೂ ಬಚ್ಚಿಟ್ಟಿದ್ದಾರೆಯೇ ಎಂದು ನೋಡಲು ಲೆವಿಯವರು ಹಳ್ಳಿ ಹಳ್ಳಿ ಸುತ್ತುತ್ತಿದ್ದರು.

ನಮ್ಮೂರು ಯಲ್ದೂರಿನ ಆಚೆ, ಮಾವಿನ ತೋಪುಗಳ ನಡುವೆ. ಹೊರಗೆ ಕನ್ನಡ, ಮನೆಯೊಳಗೆ ತೆಲುಗು. ಸರ್ಕಾರಿ ಶಾಲೆಯಲ್ಲಿ ನಾವು ಹುಡುಗರು ಕನ್ನಡ ಕಲಿಯುತ್ತಿದ್ದೆವು. ಮನೆಮಾತಿನ ಅಕ್ಷರ ಕಲಿಸಲು ಕೇರಿಯವರೇ ಒಂದು ತೆಲುಗು ಪಾಠಶಾಲೆ ನಡೆಸುತ್ತಿದ್ದರು. ಪಾಠಶಾಲೆ ಎಂದರೆ ಒಂದು ಹುಲ್ಲಿನ ಚಪ್ಪರ, ಬರೆಯಲು ನೆಲದ ಮೇಲೆ ಹರಡಿದ ಹಳ್ಳದ ಮರಳು, ಅಷ್ಟೇ. ಪ್ರತಿ ಮನೆಯಲ್ಲೂ ಹೆಂಗಸರು ರಾಗಿ ಬೀಸಲು ಕೂರುವ ಮೊದಲು ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದರು. ಅದು ಮೇಷ್ಟ್ರ ಪಾಲು, ಅದೇ ಅವರ ಸಂಬಳ. ಗಡಿಗೆಗಳು ತುಂಬಿದಾಗ ಚಪ್ಪರದ ಕೆಳಗಿನ ಹಗೇವಿಗೆ, ಅಂದರೆ ನೆಲದೊಳಗೆ ಬಾವಿಯ ಹಾಗೆ ತೋಡಿದ ಕಣಜಕ್ಕೆ, ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು.

ಆ ವರ್ಷ ಹಗೇವು ತುಂಬಿತ್ತು, ಮೇಷ್ಟ್ರೇ ಇರಲಿಲ್ಲ. ಹಳೆಯ ಮೇಷ್ಟ್ರು ಕಣ್ಣು ಮಂಜಾಗಿ ಮಗಳ ಊರು ಸೇರಿದ್ದರು. ಬೇರೆಯವರನ್ನು ಕಳಿಸಿ ಎಂದು ಅಪ್ಪ ಗಡಿಯಾಚೆ ತೆಲುಗು ಸೀಮೆಯಲ್ಲಿದ್ದ ನೆಂಟರಿಗೆ ಕಾಗದ ಹಾಕಿ ಮೂರು ತಿಂಗಳಾದರೂ ಉತ್ತರವಿಲ್ಲ. ಸಂಕ್ರಾಂತಿಯೊಳಗೆ ಯಾರೂ ಬರದಿದ್ದರೆ ರಾಗಿಯನ್ನು ಮನೆಮನೆಗೆ ಹಿಂದಕ್ಕೆ ಕೊಟ್ಟು ಪಾಠಶಾಲೆ ಮುಚ್ಚುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಅಕ್ಕ ನಮಗೆ ಪಾಠ ಹೇಳುತ್ತಿದ್ದಳು, ಅದೂ ಅಳುಮುಖ ಮಾಡಿಕೊಂಡು. ಅವಳನ್ನು ಸರ್ಕಾರಿ ಶಾಲೆಗೆ ಕಳಿಸಿರಲಿಲ್ಲ. ಅವಳಿಗೆ ಇದ್ದದ್ದು ಮುಚ್ಚಲಿರುವ ಈ ಪಾಠಶಾಲೆಯೊಂದೇ.

ಸಂಕ್ರಾಂತಿಗೆ ಇನ್ನು ನಾಲ್ಕು ದಿನವಿರುವಾಗ, ಮಧ್ಯಾಹ್ನ, ಆ ಮನುಷ್ಯ ಬಂದ. ಚಪ್ಪಲಿ, ಕೊಡೆ, ಕಂಕುಳಲ್ಲಿ ಒಂದು ದಪ್ಪ ಪುಸ್ತಕ. ಬಂದವನೇ ಚಪ್ಪರ ನೋಡಿದ, ನಮ್ಮ ತಲೆಗಳನ್ನು ಎಣಿಸಿದ. ಆಮೇಲೆ ಅಪ್ಪನನ್ನು ವಿಚಾರಿಸತೊಡಗಿದ. ಪಾಠಶಾಲೆ ಇದೇ ತಾನೆ? ಊರಲ್ಲಿ ಮನೆ ಎಷ್ಟು? ವರ್ಷಕ್ಕೆ ಎಷ್ಟು ರಾಗಿ ಸೇರುತ್ತದೆ? ಅದನ್ನು ಎಲ್ಲಿ ಇಡುತ್ತೀರಿ? ಮಾತು ತೆಲುಗೇ, ಆದರೆ ನಮ್ಮದರ ಹಾಗೆ ಕನ್ನಡ ಬೆರೆತದ್ದಲ್ಲ, ತೊಳೆದಿಟ್ಟಂಥ ಪುಸ್ತಕದ ತೆಲುಗು. ಅಪ್ಪನ ಹುಬ್ಬು ಗಂಟಿಕ್ಕಿತು. ಇಷ್ಟು ನಯವಾಗಿ ಮಾತಾಡುವವನು ಕಚೇರಿಯವನಲ್ಲದೆ ಇನ್ನಾರು?

"ಪಾಠಶಾಲೆನಾ? ಅದೆಲ್ಲ ಇಲ್ಲ ಸ್ವಾಮಿ. ಹುಡುಗ್ರು ಸುಮ್ನೆ ನೆರಳಿಗೆ ಕೂತವ್ರೆ," ಎಂದರು ಅಪ್ಪ. ನನ್ನ ಕಡೆ ಕಣ್ಣು ಬಿಟ್ಟರು. ನಾನು ಚಾಪೆ ಸಮೇತ ಜರುಗಿ ಹಗೇವಿನ ಬಾಯಿಯ ಮೇಲೆ ಕೂತೆ. ಚಪ್ಪಡಿಯ ತಂಪು ಚಾಪೆ ದಾಟಿ ಬರುತ್ತಿತ್ತು.

ಅವನು ಸರಿಯಾಗಿ ನನ್ನೆದುರಿಗೇ ಬಂದು ಕೂತ. "ನಿನಗೆ ಓದಲು ಬರುತ್ತದೆಯೇ, ಮಗು?"

ಆ ಚಪ್ಪರದಲ್ಲಿ ಅಕ್ಕನನ್ನು ಬಿಟ್ಟರೆ ನನ್ನಷ್ಟು ಚೆನ್ನಾಗಿ ಓದುವವರು ಬೇರೆ ಇರಲಿಲ್ಲ. ಜಂಬದ ಕೋಳಿ ನಾನು. ಆದರೂ ಹೇಳಿದೆ: "ಒಂದಕ್ಷರಾನೂ ಬರಲ್ಲ."

ಅವನ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಖುಷಿ. ಅವನು ನನ್ನ ಬೆರಳು ಹಿಡಿದು ಮರಳಿನ ಮೇಲೆ ನಿಧಾನವಾಗಿ 'ಅ' ಬರೆಸಿದ. ಅಳಿಸಿ ಇನ್ನೊಮ್ಮೆ ಬರೆಸಿದ. ಅಕ್ಕ ಕೊಟ್ಟ ನೀರು ಕುಡಿದು, ಕೊಡೆ ಎತ್ತಿಕೊಂಡು ಹೊರಟುಹೋದ.

ಪೀಡೆ ತೊಲಗಿತು ಎಂದು ಎಲ್ಲರೂ ಉಸಿರು ಬಿಟ್ಟರು. ಅಕ್ಕ ಮಾತ್ರ ಮರಳಿನ ಮೇಲಿದ್ದ ಅಕ್ಷರವನ್ನೇ ನೋಡುತ್ತಿದ್ದಳು.

"ಅಪ್ಪಾ, ಲೆವಿಯವರು ಯಾಕೆ ಬೆರಳು ಹಿಡ್ದು ಅಕ್ಷರ ತಿದ್ದಿಸ್ತಾರೆ?"

ಮೇಷ್ಟ್ರಾಗಿದ್ದರೆ ಹೇಳುತ್ತಿರಲಿಲ್ಲವೇ ಎಂದು ಅಪ್ಪ ಗದರಿದರು. ಪಾಠಶಾಲೆಯೇ ಇಲ್ಲ ಎಂದ ಮೇಲೆ ಹೇಗೆ ಹೇಳುತ್ತಾರೆ ಎಂದಳು ಅಕ್ಕ. ಅಪ್ಪ ಹಣೆ ಚಚ್ಚಿಕೊಂಡರು. ಸಂಬಳ ಎಷ್ಟು ಸಿಗುತ್ತದೆಂದು ತಿಳಿಯಲು ಮೇಷ್ಟ್ರಾದವರೂ ಅದೇ ಪ್ರಶ್ನೆಗಳನ್ನು ಕೇಳಬೇಕಲ್ಲ!

ಅಪ್ಪ ಬರಿಗಾಲಲ್ಲೇ ಓಡಿದರು. ಹಿಂದೆ ಅಕ್ಕ, ಅವಳ ಹಿಂದೆ ನಾನು. ಬಸ್ಸು ನಿಲ್ಲುವ ಜಾಗ ಒಂದು ಮೈಲಿ. ಪೆಟ್ರೋಲು ಸಿಗದ ಆ ಕಾಲದಲ್ಲಿ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಹೊರಡುವ ಮೊದಲು ಒಲೆ ಊದಿದ ಹಾಗೆ ಕೆಂಡ ಊದಬೇಕಿತ್ತು. ನಮ್ಮ ಪುಣ್ಯ, ಕ್ಲೀನರ್ ಇನ್ನೂ ಚಕ್ರ ತಿರುಗಿಸಿ ಗಾಳಿ ಊದುತ್ತಲೇ ಇದ್ದ. ಆ ಮನುಷ್ಯ ಒಳಗೆ ಕೂತು ಹೊಗೆಗೆ ಕೆಮ್ಮುತ್ತಿದ್ದ.

ನಮ್ಮ ಕಾಗದ ನೋಡಿ ಬಂದವರೇ ಎಂದು ಅಪ್ಪ ಏದುಸಿರು ಬಿಡುತ್ತ ಕೇಳಿದರು. ಹೌದು ಎಂದರು ಅವರು. ಈಗ ಅನುಮಾನ ಅವರ ಕಣ್ಣಲ್ಲಿತ್ತು. ಪಾಠಶಾಲೆಯೇ ಇಲ್ಲ, ಮಕ್ಕಳಿಗೆ ಒಂದಕ್ಷರವೂ ಬರುವುದಿಲ್ಲ ಎಂದ ಊರನ್ನು ಹೇಗೆ ನಂಬಲಿ ಎಂದು ಮುಖ ತಿರುಗಿಸಿದರು. ಆಗ ಅಕ್ಕ ಕಿಟಕಿಯೊಳಗೆ ಕೈ ಹಾಕಿ ಅವರ ತೊಡೆಯ ಮೇಲಿದ್ದ ದಪ್ಪ ಪುಸ್ತಕ ಎಳೆದುಕೊಂಡಳು. ಅದು ಲೆವಿಯ ಪುಸ್ತಕವಲ್ಲ, ತೆಲುಗು ಪಾಠದ ಪುಸ್ತಕ. ಮೊದಲ ಪುಟವನ್ನು ಗಟ್ಟಿಯಾಗಿ ಓದತೊಡಗಿದಳು. ಎರಡನೇ ಸಾಲಿಗೇ ಮೇಷ್ಟ್ರು ಬಸ್ಸಿನಿಂದ ಇಳಿದರು.

ಮರುದಿನ ಅಕ್ಕನಿಗೆ ಮುಂದಿನ ಸಾಲು. ನನಗೆ ಚಿಳ್ಳೆಪಿಳ್ಳೆಗಳ ಸಾಲು, ಒಂದಕ್ಷರವೂ ಬಾರದವನಲ್ಲವೇ! ಎಂಟು ದಿನ ಬರೀ 'ಅ' ತಿದ್ದಿದೆ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಈಗ ನಿಮ್ಮನ್ನು ಹಳದಿ ಬಸ್ಸು ಮನೆ ಬಾಗಿಲಿಗೇ ಬಂದು ಕರೆದುಕೊಂಡು ಹೋಗುತ್ತದೆ. ಬಂದವರು ಯಾರೆಂದು ಬಾಗಿಲ ಮೇಲಿನ ಕ್ಯಾಮೆರಾ ತೋರಿಸುತ್ತದೆ. ನಾನು ತೆಲುಗಿನಲ್ಲಿ ಬೈದರೆ ನಿಮಗೆ ಅರ್ಥವಾಗುತ್ತದೆ, ನಗುತ್ತೀರಿ. ಅಕ್ಕ ನನಗೆ ತೆಲುಗಿನಲ್ಲಿ ಬರೆದಿದ್ದ ಹಳೆಯ ಕಾಗದವನ್ನು ಮೊನ್ನೆ ನಿಮಗೆ ಕೊಟ್ಟು, ಓದಿ ನೋಡೋಣ ಎಂದೆ. "ಒಂದಕ್ಷರಾನೂ ಬರಲ್ಲ ತಾತ," ಎಂದಿರಿ. ನಾನು ಅಂದು ಹೇಳಿದ್ದೂ ಇದೇ ಮಾತು, ಆದರೆ ಅದು ಸುಳ್ಳಾಗಿತ್ತು. ನೀವು ಹೇಳಿದ್ದೂ ಸುಳ್ಳಿರಬಹುದೇ ಎಂದು ನಿಮ್ಮ ಮುಖಗಳನ್ನು ಅನುಮಾನದಿಂದ ನೋಡಿದೆ. ಸುಳ್ಳಾಗಿರಲಿಲ್ಲ.

ಜಗುಲಿಯ ಮೇಲೆ ಮರಳು ಹರಡಿದ್ದೇನೆ. ಎಲ್ಲಿ, ಬೆರಳು ಕೊಡಿ.