ಸೈಲೆನ್ಸರ್ ಪಕ್ಕದ ಪೈಪು

ಪಾಂಡವಪುರದಲ್ಲಿ ನನ್ನದೊಂದು ಷೆಡ್ಡು ಇದೆ. ಟ್ರಾಕ್ಟರು, ಆಲೆಮನೆಯ ಎಂಜಿನ್ನು, ಔಷಧಿ ಹೊಡೆಯುವ ಪಂಪು, ಹೀಗೆ ಗದ್ದೆ ತೋಟದಲ್ಲಿ ಕೆಟ್ಟು ನಿಂತಿದ್ದೆಲ್ಲ ಅಲ್ಲಿಗೆ ಬರುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜಂಬಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರೆ ಅದೂ ನಿಜವೇ. ಎಲ್ಲ ಶುರುವಾಗಿದ್ದು ಆ ಜಂಬದಿಂದ.

ಎರಡು ವರ್ಷದ ಹಿಂದೆ ನನ್ನ ತಂಗಿಯ ಗಂಡ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದ. ಅವನು ನಮ್ಮ ಸೋದರತ್ತೆಯ ಮಗನೇ, ಅರಕೆರೆಯಲ್ಲಿ ಗದ್ದೆ, ಹಸು ಇಟ್ಟುಕೊಂಡಿದ್ದಾನೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿದಂತೆ ಕೂತ ಗಾಡಿ.

"ಒಂದ್ ಮೂಟೆ ಬೂಸಾನಾರ ಇಡೀತದೇನ್ಲಾ ಇದ್ರಲ್ಲಿ?" ಎಂದೆ.

"ಬೂಸಾ ತರಕ್ಕೆ ಬೇರೆ ಗಾಡಿ ಐತೆ ಬುಡು ಬಾವ" ಎಂದು ನಕ್ಕ.

ಮೈಸೂರಿನಲ್ಲಿ ಅದಕ್ಕೆ ಬೇರೊಂದು ಕಾರಿನ ದೊಡ್ಡ ಎಂಜಿನ್ನು ಹಾಕಿಸಿದ್ದ. ಉಳಿದಿದ್ದು ಪೆಟ್ರೋಲ್ ಲೈನು. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಹೊಸ ಪೈಪು ಎಳೆಯಬೇಕಿತ್ತು. ಹಳೆಯದು ತುಕ್ಕು ಹಿಡಿದು ಉದುರಿಹೋಗಿತ್ತು.

ನನ್ನದು ಡೀಸೆಲ್ಲಿನಲ್ಲಿ ಪಳಗಿದ ಕೈ. ಡೀಸೆಲ್ ಸೋರಿದರೆ ಬಟ್ಟೆಯಲ್ಲಿ ಒರೆಸಿ ಸೀಟು ಹತ್ತುವ ಜನ ನಾವು. ಆಲೆಮನೆಯಲ್ಲಿ ಒಲೆ ಉರಿಯುತ್ತಿರುವಾಗಲೂ ಆಚೆ ಎಂಜಿನ್ನು ತೊಟ್ಟಿಕ್ಕುತ್ತಿರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ರೂಢಿಯಲ್ಲೇ ಕಾರಿನಡಿ ಮಲಗಿ ನೋಡಿದೆ. ನಡುಮಧ್ಯೆ ಸೈಲೆನ್ಸರ್ ಹೋಗಲು ಕಾಲುವೆಯಂಥ ಜಾಗವಿತ್ತು. ನೆಟ್ಟಗಿನ ದಾರಿ, ಹತ್ತಿರದ ದಾರಿ. ಪೆಟ್ರೋಲ್ ಪೈಪನ್ನೂ ಅದರಲ್ಲೇ ಬಿಟ್ಟೆ. ಪೈಪಾದರೂ ಯಾವುದು? ಔಷಧಿ ಹೊಡೆಯುವ ಪಂಪಿನದು. ಎಷ್ಟು ಪ್ರೆಷರ್ ಕೊಟ್ಟರೂ ತಡೆಯುವ ಪೈಪು, ಮೇಲೆ ಟ್ರಾಕ್ಟರ್ ಹತ್ತಿದರೂ ಜಗ್ಗದು. ಪೆಟ್ರೋಲು ಅದನ್ನು ಒಳಗಿನಿಂದ ಮೆತ್ತಗೆ ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಲೂ ಇಲ್ಲ. ತಗಡಿನಲ್ಲಿ ತೂತು ಕೊರೆದು ಪೈಪು ದಾಟಿಸಿದ ಕಡೆ ಅಂಚು ತಾಗದಂತೆ ಒಂದು ರಬ್ಬರ್ ಬುಷ್ ಹಾಕುವಷ್ಟು ತಾಳ್ಮೆಯೂ ನನಗಿರಲಿಲ್ಲ.

ತಂಗಿಯ ಗಂಡ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. "ಬಾವ, ಸೈಲೆನ್ಸರ್ ಒಂದ್ ಮಗ್ಗುಲು, ಪೆಟ್ರೋಲ್ ಪೈಪು ಇನ್ನೊಂದ್ ಮಗ್ಗುಲು ಇರ್ಬೇಕಂತೆ. ಕಬ್ಬಿಣದ್ ಪೈಪೇ ಆಕ್ಬೇಕಂತೆ. ಅಲ್ಲಲ್ಲೇ ಕ್ಲಾಂಪ್ ಒಡೀಬೇಕಂತೆ."

"ಫೋನ್ ನೋಡ್ಕಂಡ್ ಮಾಡಂಗಿದ್ರೆ ನನ್ತಾವ್ ಯಾಕ್ಲಾ ಬಂದೆ? ಅದ್ರ ಕೈಗೇ ಸ್ಪ್ಯಾನರ್ ಕೊಡು, ಮಾಡ್ತದೆ" ಎಂದೆ.

ಷೆಡ್ಡಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಅವನೂ ನಕ್ಕು ಫೋನನ್ನು ಜೇಬಿಗಿಳಿಸಿದ.

ಗಾಡಿ ಓಡಿತು. ಸದ್ದಂತೂ ಎದೆ ನಡುಗಿಸುವಂತಿತ್ತು. ಮರುದಿನ ಶುಕ್ರವಾರ, ಗಂಜಾಮಿನ ದೇವಸ್ಥಾನಕ್ಕೆ ಹೋಗಿ ಗಾಡಿಗೆ ಪೂಜೆ ಮಾಡಿಸುವುದೆಂದಾಯಿತು. ತಂಗಿ ಹೊಸ ಸೀರೆ ಉಟ್ಟು ಗಂಡನ ಪಕ್ಕ ಕೂತಳು. ನಾನು ಬೈಕಿನಲ್ಲಿ ಹಿಂದೆ ಹೋದೆ. ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿದ ಮೇಲೆ ಅರ್ಚಕರು ಬಾನೆಟ್ಟಿಗೆ ಕುಂಕುಮ ಇಟ್ಟು, ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಗಂಡ ಹೆಂಡತಿ ಒಳಗೇ ಇದ್ದರು.

"ಎಂಜಿನ್ ಸ್ಟಾರ್ಟ್ ಮಾಡ್ಕೊಳ್ಳಿ" ಎಂದರು ಅರ್ಚಕರು.

ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ನನಗೆ ಪೆಟ್ರೋಲ್ ವಾಸನೆ ಬಡಿಯಿತು.

ಪಕ್ಕದಲ್ಲಿ ಆಟೋ ಇತ್ತು, ಅದರದ್ದೇ ಇರಬೇಕು ಎಂದುಕೊಂಡೆ. ಇಪ್ಪತ್ತು ವರ್ಷ ಎಂಜಿನ್ನಿನ ಜೊತೆ ಬದುಕಿದವನಿಗೆ ಯಾವ ವಾಸನೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೇ? ತಿಳಿದಿತ್ತು. ಅಷ್ಟರಲ್ಲಿ ಅರ್ಚಕರು ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿಬಿಟ್ಟಿದ್ದರು. 'ನಿಲ್ಲಿಸಿ' ಎಂಬ ಒಂದೇ ಮಾತು ಸಾಕಿತ್ತು. ಆದರೆ ಹಾಗೆಂದರೆ ಏಕೆ ಎಂದು ಕೇಳುತ್ತಾರೆ. ಷೆಡ್ಡಿನಲ್ಲಿ ನಕ್ಕವರಲ್ಲಿ ಇಬ್ಬರು ಅಲ್ಲೇ ಕೈಮುಗಿದು ನಿಂತಿದ್ದರು. ಆರತಿ ಮುಗಿಯಲಿ, ಆಮೇಲೆ ಸದ್ದಿಲ್ಲದೆ ನೋಡಿದರಾಯಿತು ಎಂದು ಬಾಯಿ ಮುಚ್ಚಿಕೊಂಡೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಬೆಂಕಿ ಬಾನೆಟ್ಟಿನ ಮುಂದೆ ಒಂದು ಸುತ್ತು ಬಂತು. ಎರಡು ಸುತ್ತು. ಮೂರು. ಗಾಜಿನ ಹಿಂದೆ ತಂಗಿ ಕಣ್ಮುಚ್ಚಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಕುಂಬಳಕಾಯಿಯನ್ನು ನೆಲಕ್ಕೆ ಒಡೆದಾಗ ಉರಿಯುವ ಕರ್ಪೂರದ ಚೂರೊಂದು ಮುಂದಿನ ಚಕ್ರದ ಕಡೆ ಸಿಡಿದು, ತೆಂಗಿನಕಾಯಿಯ ನೀರು ಬಿದ್ದಿದ್ದ ನೆಲದಲ್ಲಿ ಆರಿತು. ಆಗ ಕೂಗಿದೆ.

"ಆಫ್ ಮಾಡ್ಲಾ! ಇಬ್ರೂ ಇಳೀರಿ, ಬೇಗ ಇಳೀರಿ!"

ಎಲ್ಲರನ್ನೂ ದೂರ ಕಳಿಸಿ, ಎಂಜಿನ್ನು ತಣ್ಣಗಾಗುವವರೆಗೆ ಕಾದು ಕಾರಿನಡಿ ಬಗ್ಗಿ ನೋಡಿದೆ. ಊದಿಕೊಂಡಿದ್ದ ಪೈಪು ತಗಡಿನ ತೂತಿನಂಚಿಗೆ ಉಜ್ಜಿ ಕುಯ್ದುಹೋಗಿತ್ತು. ತೊಟ್ಟಿಕ್ಕುತ್ತಿದ್ದ ಜಾಗಕ್ಕೂ ಕೆಂಡದಂತೆ ಕಾಯುವ ಸೈಲೆನ್ಸರಿಗೂ ನಡುವೆ ಎರಡು ಬೆರಳು ಅಂತರ.

ನನ್ನ ಕೆಲಸದ್ದೇ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡೆ. ತಂಗಿಯ ಗಂಡ ಬೈಯಲಿಲ್ಲ. "ನೀನ್ ಇದ್ದಿದ್ಕೆ ಗೊತ್ತಾಯ್ತು ಬಾವ, ಇಲ್ದಿದ್ರೆ ಅಂಗೇ ಓಗ್ಬುಡ್ತಿದ್ವಿ" ಎಂದು ನನ್ನ ಹೆಗಲು ಹಿಡಿದ. ನಾಲ್ಕು ಬಾರಿಸಿದ್ದರೆ ಸಮಾಧಾನವಾಗುತ್ತಿತ್ತು.

ಗಾಡಿಯನ್ನು ಮತ್ತೆ ಲಾರಿಯ ಮೇಲೆ ಷೆಡ್ಡಿಗೆ ತಂದೆವು. ಈ ಸಲ ಮೈಸೂರಿನ ಕಾರ್ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಅವರು ಹೇಳಿದಂತೆ ಕೇಳಿದೆ. ಸೈಲೆನ್ಸರಿನ ಎದುರು ಮಗ್ಗುಲಿಗೆ ಕಬ್ಬಿಣದ ಪೈಪು, ಗೇಣಿಗೊಂದು ಕ್ಲಾಂಪು, ತಗಡು ದಾಟುವ ಕಡೆ ರಬ್ಬರ್ ಬುಷ್, ಎಂಜಿನ್ನು ಅಲುಗುವ ಕಡೆ ಮಾತ್ರ ಪೆಟ್ರೋಲಿಗೆಂದೇ ಮಾಡಿದ ಪೈಪು. ಮೂರು ದಿನ ಹಿಡಿಯಿತು.

ಕೊನೆಯ ದಿನ ತಂಗಿ ಊಟ ತಂದಳು. ನಾನು ಕಾರಿನಡಿಯಿಂದ ಎದ್ದು ಕೈ ತೊಳೆಯುತ್ತಿದ್ದೆ. ಮುದ್ದೆ ಬಡಿಸುತ್ತಾ ಮಾಮೂಲಿ ಮಾತಿನಂತೆ ಹೇಳಿದಳು.

"ಅವತ್ತು ಒಳಗ್ ಕೂತಿದ್ದಾಗ್ಲೇ ನಂಗೂ ವಾಸ್ನೆ ಬಂತು ಕಣಣ್ಣ. ಇಳ್ದ್ಬುಡಾನ ಅಂತ ಬಾಗ್ಲಿಗೆ ಕೈ ಆಕಿದ್ದೆ. ನೋಡುದ್ರೆ ನೀನು ಎದುರ್ಗೇ ನಿಂತಿದ್ದೆ. ಏನಾರ ಆಗಂಗಿದ್ರೆ ನಮ್ಮಣ್ಣ ಸುಮ್ಕಿರ್ತಿದ್ನಾ ಅಂತ ಕೈ ತೆಗ್ದ್ಬುಟ್ಟೆ."

ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ. ನನಗೆ ವಾಸನೆ ಬಂದಿದ್ದು ಆರತಿಗೆ ಮೊದಲೇ ಎಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.