ಹೊಳೆ ಪಾಲಾದ ಚೀಟಿಗಳು

ಯಾವ ಮಾತು ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ನಮ್ಮ ಮನೆಯವರ ಆಯುಷ್ಯ ಕಳೆಯಿತು. ಶಾಲೆಯಲ್ಲಿ ಮಾಸ್ತರರು; ಪತ್ರಿಕೆಗೂ ಬರೆಯುತ್ತಿದ್ದರು. ಸಂಜೆ ಬಾಗಲಕೋಟೆಯ ಮನೆಗೆ ಬಂದವರೇ ಚೀಟಿ ಹಿಡಿದು ಕೂಡುತ್ತಿದ್ದರು. ಚೀಟಿಗೊಂದು ಪದ, ಅದರ ಮೂಲ, ಅದನ್ನು ಹೇಳಿದವರ ಊರು. ಐಹೊಳೆಯ ಕೂಲಿಯವರು, ಇಳಕಲ್ಲಿನ ನೇಕಾರರು, ಯಾರನ್ನೂ ಬಿಟ್ಟವರಲ್ಲ. ಬುತ್ತಿ ಕಟ್ಟುವಾಗ ನನ್ನನ್ನೂ ಬಿಡುತ್ತಿರಲಿಲ್ಲ.

"ಈ ಬುತ್ತಿ ಅನ್ನೂದು ಎಲ್ಲಿಂದ ಬಂತು, ಗೊತ್ತೈತೇನ?"

"ನನ್ನ ಒಲಿಮ್ಯಾಲಿಂದ ಬಂತ್ರಿ. ಬಸ್ಸು ತಪ್ಪತೈತಿ, ಹೊಂಡ್ರಿ."

ಅವರು ತೀರಿಕೊಂಡ ಮೇಲೆ ತವರಿನವರು ನನ್ನನ್ನು ಎಂಟು ದಿನ ಹುನಗುಂದಕ್ಕೆ ಕರೆದೊಯ್ದರು. ಮರಳಿ ಬಂದಾಗ ಚೀಟಿಯ ಟ್ರಂಕು ಖಾಲಿ. ಮನೆ ನೋಡಿಕೊಳ್ಳಲು ಕಲಾದಗಿಯಿಂದ ಬಂದಿದ್ದ ನಾದಿನಿ, ಎಲ್ಲವನ್ನೂ ಗಂಟು ಕಟ್ಟಿ ಘಟಪ್ರಭೆಗೆ ಬಿಟ್ಟಿದ್ದಳು.

"ಅಣ್ಣನ ಅಕ್ಷರ ರದ್ದಿಯವನ ತಕ್ಕಡಿಗೆ ಹೋಗಬಾರದಂತ ಮಾಡಿದೆ ವೈನಿ. ವಿಭೂತಿ ಹಚ್ಚಿ, ಹೂ ಏರಿಸಿ ಬಿಟ್ಟೇನಿ."

ಏನೆಂದು ಬೈಯಲಿ? ಹರಿದ ವಚನದ ಪುಸ್ತಕವನ್ನು ಒಲೆಗೆ ಹಾಕಬಾರದು, ಹೊಳೆಗೆ ಬಿಡಬೇಕು ಎಂದು ಅವಳಿಗೆ ಕಲಿಸಿದವಳೇ ನಾನು.

ಚೀಟಿಗಳನ್ನು ಪುಸ್ತಕ ಮಾಡುತ್ತೇವೆಂದು ಮಾತು ಕೊಟ್ಟಿದ್ದ ಪ್ರಕಾಶಕರು ಬರುವವರಿದ್ದರು. ಮನೆಯೆಲ್ಲ ಹುಡುಕಿದೆ. ಹಾಸಿಗೆಯ ಗಂಟಿನೊಳಗೆ ಒಂದು ದಿಂಬಿನ ಚೀಲದ ತುಂಬ ಚೀಟಿ ಸಿಕ್ಕವು. ಇಷ್ಟಾದರೂ ಉಳಿಸಿದೆಯಲ್ಲಪ್ಪಾ ಎಂದು ಲಿಂಗವನ್ನು ಕಣ್ಣಿಗೊತ್ತಿಕೊಂಡೆ. ಬಿಚ್ಚಿ ನೋಡಿದರೆ ಪದವಿದೆ, ಊರಿದೆ, ಮೂಲದ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ. ಮೂಲ ಸಿಗದವನ್ನು ಅವರು ಟ್ರಂಕಿಗೆ ಸೇರಿಸದೆ ಬೇರೆ ಇಟ್ಟಿದ್ದರು.

"ಅಕ್ಕಾರ, ಗೊತ್ತಿಲ್ಲದ್ದನ್ನ ಹೆಂಗ ಛಾಪಸೂದ್ರಿ?" ಎಂದು ಪ್ರಕಾಶಕರು ಚಹಾ ಕುಡಿದು ಎದ್ದರು.

ಗೊತ್ತು ಮಾಡಿಕೊಂಡದ್ದೆಲ್ಲ ಹೊಳೆಗೆ, ಗೊತ್ತಾಗದ್ದು ನನ್ನ ಕೈಗೆ. ಪೂಜೆಗೆ ಕೂತರೂ ಇದನ್ನೇ ಎಣಿಸುತ್ತೇನೆ. ನಾದಿನಿಯ ಮುಖ ಕಂಡರೆ ಸಿಟ್ಟು, ಅವಳ ಕಣ್ಣೀರು ಕಂಡರೆ ನನ್ನ ಮೇಲೆಯೇ ಸಿಟ್ಟು.

ಹೋದ ಸೋಮವಾರ ಅವಳು ಸಜ್ಜಿ ರೊಟ್ಟಿ ಕಟ್ಟಿಕೊಂಡು ಬಂದಳು. ಗಂಟು ಇಳಿಸಿಕೊಂಡು, ಅವಳ ಮುಂದೆ ಆ ಚೀಲವನ್ನೂ ಒಂದು ಹೊಸ ನೋಟುಬುಕ್ಕನ್ನೂ ಇಟ್ಟೆ. ಅವಳ ಬರಹ ದುಂಡಗಿದೆ; ಅದೊಂದು ಪುಣ್ಯ.

"ಹೊಳಿಗೆ ಹಾಕಿದಾಕಿ ನೀನ, ಬರಿಯಾಕಿನೂ ನೀನ."

"ಎಷ್ಟ ದಿನಾರಿ, ವೈನಿ?"

"ಚೀಲ ಮುಗಿಯೂ ತನಾ."

ಮೊದಲ ಪದ ಬರೆದು ತಲೆಯೆತ್ತಿದಳು. "ಕೆಳಗ ಮೂಲ ಬರಿಯಾಕ ಎಷ್ಟ ಸಾಲು ಖಾಲಿ ಬಿಡ್ಲಿರಿ?"

"ನಾಕು," ಎಂದೆ. "ಗೊತ್ತಿದ್ದಾವ್ರು ಯಾರರ ಬರೀತಾರ."