ಸಿನಿಮಾಕ್ಕೂ ಮೊದಲಿನ ಮೂರು ವರ್ಷ

ತುಮಕೂರಿನ ಮರಳೂರಿನಲ್ಲಿ ಇರಮ್ ಎಂಬ ಮಹಾನ್ ನಿರ್ದೇಶಕಿ ಇದ್ದಾಳೆ. ಹಾಗೆಂದು ಈಗ ಅವಳೇ ತನ್ನನ್ನು ಆಡಿಕೊಳ್ಳುತ್ತಾಳೆ. ವಯಸ್ಸು ಹದಿನೆಂಟು, ತೆಗೆದ ಚಿತ್ರಗಳು ಸೊನ್ನೆ. ಎಂ.ಎ. ಮಾಡಿದರೆ ಸಿನಿಮಾದಲ್ಲೇ ಎಂದು ಪಿಯುಸಿಯಲ್ಲೇ ಸಾರಿಯಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ! ಅದಕ್ಕೂ ಮೊದಲು ಒಂದು ಡಿಗ್ರಿ ಆಗಬೇಕಲ್ಲ, ಯಾವುದು ಎಂಬಲ್ಲಿ ಗಾಡಿ ನಿಂತಿತ್ತು. ಇಂಗ್ಲಿಷ್ ಸಾಹಿತ್ಯವಾದರೆ ತೂಕ ಬರುತ್ತದೆ, ಪತ್ರಿಕೋದ್ಯಮವಾದರೆ ಕೊರಳಿಗೊಂದು ಐಡಿ ಕಾರ್ಡು ಬರುತ್ತದೆ. ಏನು ಕಲಿಯುತ್ತೇನೆ ಎಂಬ ಯೋಚನೆಯೇ ಅವಳಿಗೆ ಬರಲಿಲ್ಲ. ಕಾಲೇಜಿನ ಅರುಣಾ ಮೇಡಂ, "ಸಿನಿಮಾ ಎಂ.ಎ.ಗೆ ಯಾವ್ ಡಿಗ್ರಿ ಆದ್ರೂ ನಡೆಯುತ್ತಮ್ಮ" ಎಂದು ತಲೆ ಇನ್ನಷ್ಟು ಕೆಡಿಸಿದರು. ಅರ್ಜಿಗೆ ಸೋಮವಾರವೇ ಕೊನೆ.

ಭಾನುವಾರ ಕುಣಿಗಲ್‌ನಲ್ಲೊಂದು ಮದುವೆ. ಅವಳ ಅಪ್ಪ ನಜೀರ್ ಅಹಮದ್ ಮದುವೆ ವಿಡಿಯೊ ತೆಗೆಯುವವರು. ಹೆಂಗಸರ ಕಡೆ ಗಂಡಸರ ಕ್ಯಾಮೆರಾ ಹೋಗುವಂತಿಲ್ಲವಾದ್ದರಿಂದ ಅಲ್ಲಿ ಇರಮ್‌ಳದೇ ರಾಜ್ಯಭಾರ. "ಕಬೂಲ್ ಅನ್ನೋದೊಂದ್ ಮಿಸ್ ಮಾಡ್ಬೇಡ ಕಣೇ, ಉಳಿದಿದ್ದು ಹೆಂಗಾದ್ರೂ ಇರ್ಲಿ" ಎಂದು ಅಪ್ಪ ಹೇಳಿ ಕಳಿಸಿದ್ದರು. ಮದುಮಗಳು ಒಪ್ಪಿಗೆ ಕೊಡುವ ಆ ಒಂದು ಮಾತು ಇಲ್ಲದಿದ್ದರೆ ಮದುವೆ ವಿಡಿಯೊ ಇದ್ದೂ ಇಲ್ಲದ ಹಾಗೆ.

ಒಪ್ಪಿಗೆ ಕೇಳಲು, ನಿಕಾಹ್‌ನಲ್ಲಿ ಹೆಣ್ಣಿನ ಪರವಾಗಿ ನಿಲ್ಲುವ ವಕೀಲರೂ ಇಬ್ಬರು ಸಾಕ್ಷಿಗಳೂ ಬಂದು ಮದುಮಗಳು ಐಮನ್‌ಳ ಮುಂದೆ ಕೂತರು. ಸರಿಯಾಗಿ ಆಗಲೇ ನಮ್ಮ ನಿರ್ದೇಶಕಿಗೆ ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳೂ ಅವುಗಳ ಮೇಲಿನ ಬಿಸಿಲೂ ಕಂಡವು. ಆಹಾ, ಎಂಥ ಫ್ರೇಮು! ಉಸಿರು ಬಿಗಿಹಿಡಿದು ಚಪ್ಪಲಿಗಳ ವಿಡಿಯೊ ತೆಗೆದಳು. ತಿರುಗಿ ನೋಡುವಷ್ಟರಲ್ಲಿ ಹೆಂಗಸರು ಐಮನ್‌ಳನ್ನು ತಬ್ಬಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಷ್ಟಕ್ಕೆ ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಇರಮ್ ಮದುಮಗಳ ಹತ್ತಿರ ಹೋಗಿ, "ಅಕ್ಕ, ಇನ್ನೊಂದ್ ಸಲ ಕಬೂಲ್ ಅಂತೀರಾ? ಹಂಗೇ ತಲೆ ಬಗ್ಗಿಸ್ಕೊಂಡು" ಎಂದಳು.

"ಏನ್ಲೇ, ನಿಕಾಹ್‌ಗೂ ಎರಡನೇ ಟೇಕಾ?" ಎಂದರು ಪಕ್ಕದಲ್ಲಿದ್ದ ಐಮನ್‌ಳ ಅಜ್ಜಿ ಹಜರಾ ಬೀ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಏನ್ ಓದ್ತೀಯ ನೀನು?" ಎಂದು ಅಜ್ಜಿಯೇ ಕೇಳಿದರು.

ಮುಂದೆ ಸಿನಿಮಾ ಓದುತ್ತೇನೆ ಎಂದು ಇರಮ್ ತೊದಲಿದಳು.

ಅಜ್ಜಿ ನಗಲಿಲ್ಲ. "ಇಲ್ಲೇ ನಿಂತಿದ್ಯಲ್ಲ, ನಮ್ ಹುಡ್ಗಿ ಕಬೂಲ್ ಅನ್ನೋಕೆ ಯಾಕ್ ಅಷ್ಟೊತ್ ತಗೊಂಡ್ಳು, ಹೇಳು ನೋಡಣ?"

ಹೊತ್ತು ತೆಗೆದುಕೊಂಡದ್ದೇ ಇರಮ್‌ಳಿಗೆ ಗೊತ್ತಿರಲಿಲ್ಲ.

"ಒಪ್ಪಿಗೆ ಕೇಳೋವಾಗ ವಕೀಲ್ರು ಮರ್ಹೂಮ್ ನಾಸಿರ್ ಅವರ ಮಗಳು ಅಂತ ಓದಿದ್ರು. ನನ್ ಮಗ ಹೋಗಿ ಏಳು ತಿಂಗ್ಳಾಯ್ತು. ಅವನ ಹೆಸರಿನ ಮುಂದೆ ಆ ಮಾತ್ನ ಮಗು ಇವತ್ತೇ ಕೇಳಿದ್ದು. ತಡ್ಕೊಳ್ಳೋಕೆ ಹೊತ್ತು ಬೇಡ್ವಾ?"

ಮರ್ಹೂಮ್ ಎಂದರೆ ದಿವಂಗತ. ಎಷ್ಟೋ ಮದುವೆಗಳಲ್ಲಿ ಆ ಪದ ಇರಮ್‌ಳ ಕಿವಿಗೆ ಬಿದ್ದಿತ್ತು. ಇವತ್ತು ಎರಡು ಮಾರು ದೂರದಲ್ಲಿ ಒಬ್ಬಳು ಅಪ್ಪನನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದಳು, ಇವಳು ಚಪ್ಪಲಿ ನೋಡುತ್ತಿದ್ದಳು. ನಾಚಿಕೆಯಿಂದ ಅವಳಿಗೆ ತಲೆಯೆತ್ತಲಾಗಲಿಲ್ಲ.

ಮಾರನೆಯ ದಿನ ಫಾರಂನಲ್ಲಿ ವಿಷಯದ ಮುಂದೆ ಸೈಕಾಲಜಿ ಎಂದು ಬರೆದಳು.

"ಇದ್ರಲ್ಲಿ ಸಿನಿಮಾ ಎಲ್ಲೈತೆ?" ಎಂದರು ನಜೀರ್.

"ಅದಕ್ಕಿನ್ನೂ ಮೂರು ವರ್ಷ ಇದೆ ಅಬ್ಬಾ. ಅಷ್ಟರಲ್ಲಿ ಎದುರಿಗಿರೋರು ಕಾಣೋ ಹಂಗಾಗ್ಲಿ."

ಮುಂದಿನ ಸಾಲು ತಂದೆಯ ಹೆಸರು. ನಜೀರ್ ಅಹಮದ್ ಎಂದು ಬರೆದಳು. ಹೆಸರಿನ ಮುಂದೆ ಏನನ್ನೂ ಸೇರಿಸಬೇಕಾಗಿರಲಿಲ್ಲ. ಅವಳಿಗೆ ಅಳು ಬಂತು.

"ಏನಾಯ್ತೇ?" ಎಂದರು ಅಪ್ಪ.

"ಏನಿಲ್ಲ" ಎಂದವಳು ಪೆನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡುತ್ತ ಕೂತಳು.